ಮೊದಲು ಯುಡಿಐಡಿ ಕಾರ್ಡ್ ಮಾಡಿಸಿ, ಉಳಿದದ್ದು ಆಮೇಲೆ

ಮನೆಯಲ್ಲಿ ಅಂಗವಿಕಲರಿದ್ದರೆ ಪಿಂಚಣಿಗೆ ಒಂದು ಕಚೇರಿ, ಸ್ಕಾಲರ್‌ಶಿಪ್‌ಗೆ ಇನ್ನೊಂದು ಅಂತ ಓಡಾಡುವ ಮೊದಲು ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಮಾಡಿಸಿಬಿಡಿ. ಎಲ್ಲ ಕಡೆ ಮೊದಲು ಕೇಳುವುದು ಅದನ್ನೇ. ದೇಶದಲ್ಲಿ ಎಲ್ಲಿ ಹೋದರೂ ನಡೆಯುತ್ತದೆ.

ಅರ್ಜಿ ಹಾಕುವುದು ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ. ಹೆಸರು, ಹುಟ್ಟಿದ ದಿನ ಆಧಾರ್‌ನಲ್ಲಿ ಹೇಗಿದೆಯೋ ಹಾಗೇ ಬರೆಯಿರಿ. ನನ್ನ ತಂಗಿಯ ಇನಿಶಿಯಲ್ ಒಂದರಲ್ಲಿ ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ ಇತ್ತು ಅನ್ನುವಷ್ಟಕ್ಕೇ ನಾವು ಮೂರು ಸಲ ಅಲೆದಿದ್ದೇವೆ. ಆನ್‌ಲೈನ್ ಗೊತ್ತಾಗದಿದ್ದರೆ ಗ್ರಾಮ ಪಂಚಾಯ್ತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಹತ್ತಿರ ಹೋಗಿ. ಸಂಕೋಚ ಬೇಡ, ಅದು ಅವರ ಕೆಲಸವೇ.

ಡಾಕ್ಟರ್ ತಪಾಸಣೆಯ ದಿನ ಹಳೆಯ ರಿಪೋರ್ಟು, ಎಕ್ಸ್‌ರೇ, ಡಿಸ್ಚಾರ್ಜ್ ಚೀಟಿ ಎಲ್ಲ ಒಯ್ಯಿರಿ. ಯಾಕಂದ್ರೆ ಅಲ್ಲಿ ಬರೆಯುವ ಅಂಗವೈಕಲ್ಯದ ಶೇಕಡಾವಾರು ತುಂಬಾ ಮುಖ್ಯ. ಜಾಸ್ತಿ ಸೌಲಭ್ಯಗಳು ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಇರುವವರಿಗೆ. ಕಡಿಮೆ ಬರೆದಿದ್ದಾರೆ ಅನ್ನಿಸಿದರೆ ಸುಮ್ನೆ ವಾಪಸ್ ಬರಬೇಡಿ, ಮೇಲ್ಮನವಿಗೆ ಅವಕಾಶವಿದೆ.

ಇನ್ನು ಕಾನೂನು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಆಟಿಸಂ, ತಲಸ್ಸೇಮಿಯಾ (ಒಂದು ರಕ್ತದ ಕಾಯಿಲೆ), ಆಸಿಡ್ ದಾಳಿಗೆ ಒಳಗಾದವರೂ ಇದರಲ್ಲಿ ಬರುತ್ತಾರೆ, ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಇರುವವರಿಗೆ ಸರ್ಕಾರಿ ಕೆಲಸದಲ್ಲಿ ಶೇಕಡಾ 4, ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಶೇಕಡಾ 5 ಮೀಸಲು. 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣ. ಸರ್ಕಾರಿ ನೌಕರಿಯಲ್ಲಿ ಇರುವಾಗಲೇ ಅಂಗವೈಕಲ್ಯ ಬಂದರೆ ಕೆಲಸದಿಂದ ತೆಗೆಯುವ ಹಾಗಿಲ್ಲ, ಸಂಬಳ ಕಡಿಮೆಯಾಗದಂತೆ ಬೇರೆ ಹುದ್ದೆ ಕೊಡಬೇಕು.

ಪರೀಕ್ಷೆಯ ವಿಷಯ ಸ್ವಲ್ಪ ಗಮನ ಕೊಟ್ಟು ಓದಿ. ನಿಯಮದ ಪ್ರಕಾರ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಸಿಗಬೇಕು. ಅಂದರೆ ಮೂರು ಗಂಟೆಯ ಪರೀಕ್ಷೆಗೆ ಇನ್ನೊಂದು ಗಂಟೆ. ತಂಗಿಗೆ ಕಣ್ಣು ಕಾಣುವುದಿಲ್ಲ. ಒಮ್ಮೆ ಬೆಲ್ ಹೊಡೆದ ತಕ್ಷಣ ಮೇಲ್ವಿಚಾರಕರು ಪೇಪರ್ ಎಳೆದುಕೊಳ್ಳಲು ಬಂದರು. ಅವಳು ಹಾಲ್ ಟಿಕೆಟ್ ಜೊತೆ ಮಡಚಿಟ್ಟಿದ್ದ, ಈ ನಿಯಮದ ಸುತ್ತೋಲೆಯ ಪ್ರತಿ ಬಿಚ್ಚಿ ಮೇಜಿನ ಮೇಲಿಟ್ಟಳು. ಅವರು ಓದಿದರು, ಸುಮ್ಮನೆ ಹಿಂದೆ ಸರಿದರು. ಆ ಒಂದು ಗಂಟೆಯಲ್ಲಿ ಅವಳು ಎರಡು ದೊಡ್ಡ ಪ್ರಶ್ನೆ ಮುಗಿಸಿದಳು. ನೀವೂ ಪ್ರಿಂಟ್ ಇಟ್ಟುಕೊಳ್ಳಿ, ಆ ಹೊತ್ತಲ್ಲಿ ಫೋನ್ ಹೊರಗಿರುತ್ತದೆ ಅಲ್ವಾ.

ಆದಾಯ ತೆರಿಗೆ ಕಟ್ಟುವ ಅಂಗವಿಕಲರು ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ 75,000 ರೂಪಾಯಿ, ಅಂಗವೈಕಲ್ಯ ಶೇಕಡಾ 80 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ 1,25,000 ರೂಪಾಯಿ ಕಡಿತ ಪಡೆಯಬಹುದು.

ನಾಲ್ಕು ಜನರ ಮುಂದೆ ಬೇಕಂತಲೇ ಅವಮಾನ ಮಾಡಿದರೆ ಅದು ಅಪರಾಧ, ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು. ಪೊಲೀಸರಿಗೆ ದೂರು ಕೊಡಿ. ಹಕ್ಕು ಸಿಗದಿದ್ದರೆ ರಾಜ್ಯದ ಅಂಗವಿಕಲರ ಆಯುಕ್ತರಿಗೆ ಬರೆಯಿರಿ. ವಕೀಲರ ಫೀಸಿಗೆ ಹೆದರಬೇಡಿ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅಂಗವಿಕಲರಿಗೆ ವಕೀಲರ ನೆರವು ಉಚಿತ.

ಎಲ್ಲಿಗೆ ಅರ್ಜಿ ಕೊಟ್ಟರೂ ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಂಡೇ ಹೊರಗೆ ಬನ್ನಿ.