ಸಹಿಗೆ ಮೊದಲು ಒಂದು ಪ್ರಶ್ನೆ

ಸಿಂಧನೂರಿನಲ್ಲಿ ನನ್ನದು 10 ಹಾಸಿಗೆಯ ನರ್ಸಿಂಗ್ ಹೋಮ್. ಗರ್ಭಚೀಲ ತೆಗೆಯುವ ಆಪರೇಷನ್‌ಗೆ ಬರುವ ಪ್ರತಿ ಹೆಣ್ಣುಮಗಳಿಗೂ ತಿಳಿಸಿಯೇ ಒಪ್ಪಿಗೆ ಪಡೆಯುತ್ತೇನೆ ಎಂದಾಗ ಜೊತೆಯ ಡಾಕ್ಟರುಗಳು ನಂಬಲಿಲ್ಲ. "ಗಂಡನ ಸಹಿ ಇದ್ರ ಸಾಕು ಬಿಡ್ರಿ" ಎಂದರು. ಮೂರು ವರ್ಷವಾಯಿತು, ನಡೆಯುತ್ತಿದೆ.

ಮೊದಲು ಫಾರಂ ಅನ್ನು ಕನ್ನಡದಲ್ಲಿ ಓದಿ ಹೇಳಿಸಿದೆ. ಎಲ್ಲರೂ ತಲೆ ಆಡಿಸಿದರು. ಆಮೇಲೆ 15 ಸಾವಿರ ಖರ್ಚು ಮಾಡಿ ವಿಡಿಯೊ ಮಾಡಿಸಿದೆ. ಅದನ್ನು ಗಂಡಂದಿರೇ ನೋಡಿದರು, ಹಾಸಿಗೆಯಲ್ಲಿ ಇದ್ದವರು ನೋಡಲಿಲ್ಲ.

ಕೈ ಹಿಡಿದದ್ದು ಒಂದು ಪ್ರಶ್ನೆ. ಹಿಂದಿನ ಸಂಜೆ ಪಕ್ಕದಲ್ಲಿ ಕುಳಿತು ಕೇಳುತ್ತೇನೆ: "ನಾಳೆ ಏನ್ ಮಾಡ್ತೀವಿ, ನಿಮ್ಮ ತಂಗಿಗೆ ಹೇಳ್ದಂಗ ನನಗ ಹೇಳ್ರಿ." ಒಬ್ಬಾಕೆ, "ಚೀಲ ತೊಳ್ದು ಮತ್ತ ಒಳಗ ಇಡ್ತೀರಿ" ಎಂದಳು. ಗಂಡ ಆಗಲೇ ಸಹಿ ಹಾಕಿದ್ದ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅದಕ್ಕೂ ಮುಂಚೆ ಎಷ್ಟು ಜನ ಹೀಗೇ ತಿಳಿದುಕೊಂಡು ಟೇಬಲ್ ಮೇಲೆ ಮಲಗಿದ್ದರೋ. ಸಮೀರಾ ಕೊಹ್ಲಿ ಎಂಬಾಕೆಗೆ ಎಚ್ಚರ ಇಲ್ಲದಾಗ ತಾಯಿಯ ಸಹಿ ಪಡೆದು ಗರ್ಭಚೀಲ ತೆಗೆದ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆಯಲ್ಲ, ತಾಯಿ ಸಹಿ ಹಾಕಿದರೂ ಅದು ಪೇಷಂಟ್‌ನ ಒಪ್ಪಿಗೆ ಅಲ್ಲ ಅಂತ. ಗಂಡನ ಸಹಿ ಮಾತ್ರ ಹೇಗೆ ಸಾಕಾಗುತ್ತದೆ?

ದುಡ್ಡಿನ ವಿಷಯ ಮುಚ್ಚಿಡುವುದಿಲ್ಲ. ತಿಂಗಳಿಗೆ ಎಂಟು-ಹತ್ತು ಇದ್ದ ಆಪರೇಷನ್ ಐದಾರಕ್ಕೆ ಇಳಿಯಿತು. ಬರೀ ಬಿಳಿ ಹೋಗುತ್ತದೆ ಎಂದು ಹೆದರಿ ಬಂದವರು, ಮಾತ್ರೆ ಸಾಕು ಎಂದು ಗೊತ್ತಾದ ಮೇಲೆ ಯಾಕೆ ಕೊಯ್ಸಿಕೊಳ್ಳುತ್ತಾರೆ? ಕಮಿಷನ್ ಕೊಡಲ್ಲ ಎಂದಿದ್ದಕ್ಕೆ ಡಾಕ್ಟರ್ ಡಿಗ್ರಿ ಇಲ್ಲದೆ ಹಳ್ಳಿಯಲ್ಲಿ ಔಷಧಿ ಕೊಡುವ ಆರ್‌ಎಂಪಿಗಳೂ ಕೇಸ್ ಕಳಿಸೋದು ನಿಲ್ಲಿಸಿದರು. ಮೊದಲ ವರ್ಷ ಹತ್ತು ಲಕ್ಷದ ಹತ್ತಿರ ಹೋಯಿತು. ಸ್ಕ್ಯಾನಿಂಗ್ ಮಷಿನ್‌ನ ಕಂತಿಗೆ ಬಂಗಾರ ಅಡ ಇಟ್ಟೆ. ಎರಡನೇ ವರ್ಷ ಹಳೆಯ ಪೇಷಂಟ್‌ಗಳೇ ಅಕ್ಕತಂಗಿಯರನ್ನು ಕರೆತಂದರು. ಹೆರಿಗೆ ಕೇಸ್ ಜಾಸ್ತಿಯಾದವು. ಬಂಗಾರ ಬಿಡಿಸಿಕೊಂಡೆ.

ಇಲ್ಲಿನ ಬಂಗಾಳಿ ನಿರಾಶ್ರಿತರ ಕ್ಯಾಂಪಿನವರಿಗಾಗಿ ಅವರ ಮಾತಿನಲ್ಲೇ ರೆಕಾರ್ಡ್ ಮಾಡಿಸಿ ನೋಡಿದೆ. ಸುಮ್ನೆ ಕೇಳಿಸಿಕೊಂಡರು, ಅಷ್ಟೇ. ಈಗ ಕ್ಯಾಂಪಿನ ಒಬ್ಬ ಹೆಣ್ಣುಮಗಳಿಗೆ ಫೋನ್ ಹಚ್ಚಿ ಅವಳಿಂದಲೇ ಪ್ರಶ್ನೆ ಕೇಳಿಸುತ್ತೇನೆ. ತೆಲುಗು ನಮ್ಮ ಸಿಸ್ಟರ್‌ಗೇ ಬರುತ್ತದೆ.

ಅತ್ತೆಯನ್ನು ಹತ್ತು ನಿಮಿಷ ಹೊರಗೆ ಕಳಿಸೋದು ಹೇಗೆ ಎಂಬುದನ್ನು ಮಾತ್ರ ಇಲ್ಲಿ ಬರೆಯಲ್ಲ. ಎಲ್ಲರಿಗೂ ಗೊತ್ತಾದರೆ ಮತ್ತೆ ನಡೆಯಲ್ಲ.

ಹೋದ ತಿಂಗಳು, ಗಂಡನ ಸಹಿ ಸಾಕು ಎಂದಿದ್ದ ಡಾಕ್ಟರೇ ಫೋನ್ ಮಾಡಿ ಆ ಪ್ರಶ್ನೆ ಬರೆದು ಕಳಿಸಿ ಎಂದರು. ಕಳಿಸಿದೆ. ಒಬ್ಬರಿಗೆ ಹತ್ತು ನಿಮಿಷ ಬೇಕು, ನಾಟಿ ಹೊತ್ತಿನಲ್ಲಿ ಕೂಲಿ ತಪ್ಪುವ ಚಿಂತೆಯಲ್ಲಿ ಇರುತ್ತಾರೆ, ಆಗ ಎರಡು ಸಲ ಕೇಳಿ ಎಂದೂ ಬರೆದೆ.