ಸೂಜಿ ಸರಿ ಇಲ್ಲದಿದ್ದರೆ ಲ್ಯಾಪ್‌ಟಾಪ್ ಏನು ಮಾಡೀತು?

ಟರ್ನ್‌ಟೇಬಲ್ ಮೇಲೆ ತಿರುಗುತ್ತಿರುವ ರೆಕಾರ್ಡಿನಲ್ಲಿ ಹಾಡೇ ಇಲ್ಲ ಅಂದರೆ ನನ್ನ ಡಿಜೆ ಕೆಲಸ ನೋಡಲು ಬಂದವರು ನಂಬುವುದಿಲ್ಲ. ಅದನ್ನು ನೇರವಾಗಿ ಸ್ಪೀಕರಿಗೆ ಕೊಟ್ಟರೆ ಕೇಳುವುದು ಒಂದೇ ಸಮನೆ ಕುಂಯ್‌ಗುಡುವ ಸದ್ದು. ಸೆರಾಟೋ ಎಂಬ ಡಿಜೆ ಸಾಫ್ಟ್‌ವೇರಿನ ರೆಕಾರ್ಡಿನಲ್ಲಿ ಅದು 1000 ಹರ್ಟ್ಜ್, ಟ್ರ್ಯಾಕ್ಟರ್ ಸ್ಕ್ರ್ಯಾಚ್ ಎಂಬ ಇನ್ನೊಂದರ ಮೊದಮೊದಲ ರೆಕಾರ್ಡುಗಳಲ್ಲಿ 2000. ಇದೇ ಟೈಮ್‌ಕೋಡ್, ಅಂದರೆ ಸೂಜಿ ಎಲ್ಲಿದೆ, ಯಾವ ವೇಗದಲ್ಲಿ ಯಾವ ಕಡೆಗೆ ಹೋಗುತ್ತಿದೆ ಅಂತ ಸಾಫ್ಟ್‌ವೇರಿಗೆ ತಿಳಿಸುವ ಸದ್ದು. ಹಾಡು ಇರುವುದು ಲ್ಯಾಪ್‌ಟಾಪಿನಲ್ಲಿ. ರೆಕಾರ್ಡನ್ನು ಹಿಂದಕ್ಕೆ ಎಳೆದರೆ ಹಾಡೂ ಹಿಂದಕ್ಕೆ, ತಡೆದು ಹಿಡಿದರೆ ಹಾಡೂ ಗಪ್‌ಚುಪ್.

ನಾನು ಬಳಸುವುದು ಮಿಕ್ಸ್ ಎಂಬ ಉಚಿತ ಸಾಫ್ಟ್‌ವೇರ್, ಹೆಸರಿನ ಕೊನೆಗೆ ಮೂರು ಎಕ್ಸ್ ಇರುವುದು. ಇಂಥದೇ ಕಂಪನಿಯ ಡಬ್ಬ ಬೇಕು ಅನ್ನುವ ಹಟ ಇದಕ್ಕಿಲ್ಲ. ನಾಲ್ಕು ಇನ್‌ಪುಟ್, ನಾಲ್ಕು ಔಟ್‌ಪುಟ್ ಇರುವ ಯಾವುದೇ ಸೌಂಡ್ ಕಾರ್ಡ್ ಸಾಕು, ಎರಡು ಡೆಕ್, ಅಂದರೆ ಎರಡು ಟರ್ನ್‌ಟೇಬಲ್ ಓಡಿಸಬಹುದು. ಟರ್ನ್‌ಟೇಬಲಿನಿಂದ ಸೂಜಿಯ ಸಣ್ಣ ಸಿಗ್ನಲನ್ನು ದೊಡ್ಡದು ಮಾಡುವ ಫೋನೋ ಪ್ರಿಆಂಪ್, ಅಲ್ಲಿಂದ ಸೌಂಡ್ ಕಾರ್ಡ್, ಲ್ಯಾಪ್‌ಟಾಪ್, ವಾಪಸ್ ಸೌಂಡ್ ಕಾರ್ಡಿನಿಂದ ಮಿಕ್ಸರಿನ ಲೈನ್ ಚಾನೆಲ್. ವೈರಿಂಗ್ ಅಂದರೆ ಇಷ್ಟೇ. ಬಫರ್, ಅಂದರೆ ಲ್ಯಾಪ್‌ಟಾಪ್ ಸದ್ದನ್ನು ತಡೆದು ಕೊಡುವ ಅವಧಿ, 5.8 ಮಿಲಿಸೆಕೆಂಡಿಗೆ ಇಟ್ಟರೆ ಕೈಗೂ ಕಿವಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ನನ್ನ ಡೆಕ್‌ಗಳು ಟೆಕ್ನಿಕ್ಸ್ ಎಸ್‌ಎಲ್-1200, ಜಪಾನಿನಿಂದ ಬಂದ ಸೆಕೆಂಡ್‌ಹ್ಯಾಂಡ್ ಮಾಲು. ಅಲ್ಲಿನ ಕರೆಂಟು 100 ವೋಲ್ಟ್, ನಮ್ಮದು 230. ನೇರ ಪ್ಲಗ್ಗಿಗೆ ಚುಚ್ಚಿದರೆ ಕಥೆ ಮುಗಿಯಿತು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಕಡ್ಡಾಯ. ವೇಗದ ಚಿಂತೆ ಬೇಡ. ಇವುಗಳ ಡೈರೆಕ್ಟ್ ಡ್ರೈವ್ ಮೋಟಾರಿನ ವೇಗವನ್ನು ಹಿಡಿಯುವುದು ಕ್ವಾರ್ಟ್ಜ್ ಹರಳು, ಕರೆಂಟಿನ 50 ಹರ್ಟ್ಜ್ ಅಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ರೆಕಾರ್ಡಿನ ಎಡ ಬಲ ಎರಡೂ ಚಾನೆಲಿನಲ್ಲಿ ಅದೇ ಸ್ವರ ಇರುತ್ತದೆ, ಆದರೆ ಒಂದು ಇನ್ನೊಂದಕ್ಕಿಂತ ಅಲೆಯ ಕಾಲು ಭಾಗ ಹಿಂದೆ. ಯಾವುದು ಮುಂದಿದೆ ಅನ್ನುವುದರ ಮೇಲೆ ರೆಕಾರ್ಡು ಮುಂದಕ್ಕೆ ಹೋಗುತ್ತಿದೆಯೋ ಹಿಂದಕ್ಕೋ ಅಂತ ಸಾಫ್ಟ್‌ವೇರ್ ತಿಳಿಯುತ್ತದೆ. ಎರಡನ್ನೂ ಸೇರಿಸಿ ಪರದೆ ಮೇಲೆ ಬಿಡಿಸಿದರೆ ದುಂಡನೆಯ ಉಂಗುರ ಬರಬೇಕು. ಆ ಉಂಗುರವೇ ನನಗೆ ನಾಡಿ. ಡೆಕ್ ಜೋಡಿಸಿದ ಮೇಲೆ ಹಾಡು ಲೋಡ್ ಮಾಡುವ ಮೊದಲೇ ಅದನ್ನು ನೋಡುತ್ತೇನೆ. ಮೊಟ್ಟೆಯ ಹಾಗೆ ಉದ್ದವಾಗಿದ್ದರೆ ಒಂದು ಚಾನೆಲ್ ದುರ್ಬಲ, ಸಾಮಾನ್ಯವಾಗಿ ಸೂಜಿ ಇರುವ ಕಾರ್ಟ್ರಿಜ್ ಓರೆ ಕೂತಿರುತ್ತದೆ. ಅಂಚು ಮಸುಕಾಗಿ ನಡುಗುತ್ತಿದ್ದರೆ ಹಮ್ಮಿಂಗ್. ಬರೀ ಗೆರೆ ಬಂದರೆ ಒಂದು ಚಾನೆಲ್ ಸತ್ತಿದೆ: ಕಾರ್ಟ್ರಿಜ್ ಕೂರಿಸುವ ಹೆಡ್‌ಶೆಲ್ ಬಿಚ್ಚಿ, ಅದರ ಹಿಂದಿನ ಪಿನ್‌ಗಳನ್ನು ಒಣ ಬಟ್ಟೆಯಲ್ಲಿ ಉಜ್ಜಿ ಮತ್ತೆ ಹಾಕಿದರೆ ಎಷ್ಟೋ ಸಲ ಜೀವ ಬರುತ್ತದೆ. ಉಂಗುರ ಚೆನ್ನಾಗಿದ್ದೂ ಹಾಡು ಉಲ್ಟಾ ಓಡುತ್ತಿದ್ದರೆ ಗಾಬರಿ ಬೇಡ. ಕೆಂಪು, ಬಿಳಿ ಆರ್‌ಸಿಎ ಪಿನ್ನು ಅದಲುಬದಲಾಗಿರುತ್ತದೆ, ಅಷ್ಟೇ.

ಹಮ್ಮಿಂಗಿಗೆ ಕಾರಣ ಬಹುಪಾಲು ಅರ್ಥಿಂಗ್. ಟರ್ನ್‌ಟೇಬಲಿನಿಂದ ಬರುವ ತೆಳು ಗ್ರೌಂಡ್ ವೈರನ್ನು ಪ್ರಿಆಂಪಿನ ಸ್ಕ್ರೂಗೆ ಬಿಗಿ ಮಾಡಲೇಬೇಕು. ಅದಾದ ಮೇಲೂ ಗುಂಯ್‌ಗುಟ್ಟಿದರೆ ಹಾಲಿನ ವೈರಿಂಗೇ ನೋಡಬೇಕು. ಒಂದು ಛತ್ರದಲ್ಲಿ ಕೇಳಿದಾಗ ಎಲೆಕ್ಟ್ರಿಷಿಯನ್, “ನ್ಯೂಟ್ರಲ್ಲಿಗೇ ಅರ್ಥ್ ಕೊಟ್ಟಿದೀವಿ ಸಾರ್, ಏನೂ ಆಗಲ್ಲ ಬಿಡಿ” ಅಂದ. ಆ ಮಾತು ನಂಬದೆ ಅವತ್ತು ಲ್ಯಾಪ್‌ಟಾಪನ್ನು ಚಾರ್ಜರ್ ತೆಗೆದು ಬ್ಯಾಟರಿಯಲ್ಲೇ ಓಡಿಸಿದೆ, ಟರ್ನ್‌ಟೇಬಲ್ ಮುಚ್ಚಿಟ್ಟು ಅದೇ ಟೈಮ್‌ಕೋಡ್ ಇರುವ ಸಿಡಿಗೆ ಬಂದೆ.

ಛತ್ರದ ಸ್ಟೇಜ್ ಇನ್ನೊಂದು ತಲೆನೋವು. ಹಲಗೆ ಕೆಳಗೆ ಪೊಳ್ಳು, ಮೇಲೆ ಹುಡುಗರು ಕುಣಿಯುತ್ತಾರೆ, ಪಕ್ಕದಲ್ಲೇ ಸಬ್‌ವೂಫರ್. ಸೂಜಿ ಹಾರುತ್ತದೆ. ಕಡಪ ಕಲ್ಲಿನ ಚಪ್ಪಡಿ, ಅದರಡಿ ದಪ್ಪ ಸ್ಪಂಜು ಇಟ್ಟು ಮೇಲೆ ಡೆಕ್ ಕೂರಿಸುತ್ತೇನೆ. ಸೂಜಿಯ ಭಾರ ನನ್ನ ಕಾರ್ಟ್ರಿಜ್‌ಗೆ ಹೇಳಿರುವ 3 ಗ್ರಾಂ. ಅದಕ್ಕಿಂತ ಹೆಚ್ಚು ಒತ್ತಿದರೆ ರೆಕಾರ್ಡು ಬೇಗ ಸವೆಯುತ್ತದೆ. ಸ್ಟೇಜಿನಲ್ಲಿ ಸಾಫ್ಟ್‌ವೇರಿನ ಮೋಡ್ ಯಾವಾಗಲೂ ರಿಲೇಟಿವ್. ಅಬ್ಸಲ್ಯೂಟಿನಲ್ಲಿ ಸೂಜಿ ಹಾರಿದ ಕಡೆಗೆ ಹಾಡೂ ಹಾರುತ್ತದೆ. ರಿಲೇಟಿವಿನಲ್ಲಿ ಸಾಫ್ಟ್‌ವೇರ್ ಜಾಗ ನೋಡದೆ ವೇಗ, ದಿಕ್ಕು ಮಾತ್ರ ನೋಡುತ್ತದೆ. ಮನೆಯಲ್ಲಿ ಸೂಜಿ ಎತ್ತಿ ಹಾಡಿನ ಮಧ್ಯಕ್ಕೆ ಇಡುವ ಖುಷಿ ಬೇಕಿದ್ದರೆ ಮಾತ್ರ ಅಬ್ಸಲ್ಯೂಟ್. ಪದೇಪದೇ ಸೂಜಿ ಇಡುವುದರಿಂದ ರೆಕಾರ್ಡಿನ ಶುರುವಿನ ಭಾಗ ಮೊದಲು ಹಾಳಾಗುತ್ತದೆ. ಆಗ ಮಿಕ್ಸ್‌ನ ಸೆಟ್ಟಿಂಗಿನಲ್ಲಿ ಲೀಡ್-ಇನ್ ಟೈಮ್ ಹೆಚ್ಚಿಸಿದರೆ ಸವೆದ ಜಾಗ ಲೆಕ್ಕಕ್ಕೇ ಬರುವುದಿಲ್ಲ.

ಸಿಡಿ ಪ್ಲೇಯರಿನಲ್ಲಿ ಸೂಜಿಯೂ ಇಲ್ಲ, ಧೂಳೂ ಇಲ್ಲ, ಉಂಗುರ ಕಂಪಾಸ್ ಇಟ್ಟು ಎಳೆದಂತೆ ಬರುತ್ತದೆ. ಇನ್ನೊಂದು ಲಾಭವೂ ಇದೆ. ರೆಕಾರ್ಡನ್ನು ತೀರಾ ನಿಧಾನ ಎಳೆದಾಗ ಸೂಜಿಯಿಂದ ಬರುವ ಸಿಗ್ನಲ್ಲೇ ಕ್ಷೀಣಿಸಿ ಹಾಡು ತೊದಲುತ್ತದೆ. ಸಿಡಿಯಲ್ಲಿ ಆ ತೊಂದರೆ ಕಡಿಮೆ. ಸೆರಾಟೋ ತನ್ನ ಟೈಮ್‌ಕೋಡ್ ಸಿಡಿಯ ಫೈಲನ್ನು ಉಚಿತವಾಗಿ ಕೊಡುತ್ತದೆ. ಅದನ್ನು ಆಡಿಯೋ ಸಿಡಿಯಾಗಿಯೇ ಬರ್ನ್ ಮಾಡಬೇಕು. ಎಂಪಿ3 ಮಾಡಿದರೆ ಸಿಗ್ನಲ್ ಕೆಡುತ್ತದೆ. ಪ್ಲೇಯರನ್ನು ಫೋನೋ ಪ್ರಿಆಂಪಿಗಲ್ಲ, ನೇರ ಸೌಂಡ್ ಕಾರ್ಡಿನ ಲೈನ್ ಇನ್‌ಪುಟ್ಟಿಗೆ ಕೊಡಬೇಕು. ಇವೆಲ್ಲಕ್ಕಿಂತ ಮುಖ್ಯ, ಪ್ಲೇಯರಿನ ಮಾಸ್ಟರ್ ಟೆಂಪೋ ಬಟನ್ ಆಫ್ ಇರಬೇಕು. ಅದು ಆನ್ ಇದ್ದರೆ ವೇಗ ಬದಲಾದರೂ ಸ್ವರ ಬದಲಾಗುವುದಿಲ್ಲ. ಸಾಫ್ಟ್‌ವೇರಿಗೆ ಗೊತ್ತಿರುವುದು ಸ್ವರ ಒಂದೇ, ಹಾಗಾಗಿ ಪ್ಲೇಯರಿನ ವೇಗದ ಫೇಡರ್ ಎಷ್ಟು ಎಳೆದರೂ ಹಾಡು ತನ್ನ ಪಾಡಿಗೆ ಓಡುತ್ತದೆ. ಬಾಡಿಗೆ ಪ್ಲೇಯರ್ ಬಂದಾಗ ನನ್ನ ಕೈ ಮೊದಲು ಹೋಗುವುದು ಆ ಬಟನ್ನಿಗೇ. ಹಾಡಿನ ಶ್ರುತಿ ಹಿಡಿದಿಡಬೇಕಿದ್ದರೆ ಸಾಫ್ಟ್‌ವೇರಿನ ಕೀಲಾಕ್ ಇದೆಯಲ್ಲ.

ಮಜಾ ಅಂತ ಕೇಳಿದರೆ ರೆಕಾರ್ಡೇ. ಮದುವೆ ಮನೆ, ಕಾಲೇಜು ಫೆಸ್ಟ್ ಅಂದರೆ ಸಿಡಿ. 2020ರಲ್ಲಿ ಬಂದ ಸಿಡಿಜೆ-3000 ಎಂಬ ಡಿಜೆ ಪ್ಲೇಯರಿನಲ್ಲಿ ಸಿಡಿ ತೂರಿಸುವ ಬಾಯೇ ಇಲ್ಲ, ಯುಎಸ್‌ಬಿ ಕೇಬಲಿನಲ್ಲೇ ಲ್ಯಾಪ್‌ಟಾಪಿನ ಜೊತೆ ಮಾತಾಡುತ್ತದೆ. ಆದರೆ ನಮ್ಮ ಕಡೆ ಬಾಡಿಗೆಗೆ ಸಿಗುವುದು ಇನ್ನೂ ಹಳೆಯವೇ. ಹಾಗಾಗಿ ಬ್ಯಾಗಿನಲ್ಲಿ ಟೈಮ್‌ಕೋಡ್ ಸಿಡಿಯ ಎರಡು ಮೂರು ಪ್ರತಿ ಇದ್ದೇ ಇರುತ್ತದೆ. ಗೀರು ಬಿದ್ದದ್ದನ್ನು ಎಸೆದು ಇನ್ನೊಂದು ಬರ್ನ್ ಮಾಡುತ್ತೇನೆ. ಬ್ಲ್ಯಾಂಕ್ ಸಿಡಿ ಸಿಗುವುದೇ ಕಷ್ಟವಾಗಿದೆ, ಎಸ್.ಪಿ. ರೋಡಿಗೆ ಹೋದಾಗ ಕಂಡಷ್ಟನ್ನು ಎತ್ತಿಕೊಂಡು ಬರುತ್ತೇನೆ.