ಪಾಪು ಬಾಯಿಗೆ ಹೋಗೋ ಬೊಂಬೆ: ನಾನು ಸಾಫ್ಟ್ ಟಾಯ್ ಡಿಸೈನ್ ಮಾಡೋ ರೀತಿ

ಏನು ಕೆಲಸ ಮಾಡ್ತೀಯಾ ಅಂತ ಯಾರಾದ್ರೂ ಕೇಳಿದ್ರೆ ಪಾಪುಗಳಿಗೆ ಬೊಂಬೆ ಡಿಸೈನ್ ಮಾಡ್ತೀನಿ ಅಂತೀನಿ. ಚಿತ್ರ ಬಿಡಿಸಿ ಕೊಡ್ತಾಳೆ, ಹೊಲಿಯೋರು ಬೇರೆ ಇರ್ತಾರೆ ಅಂತ ಎಲ್ಲರೂ ಅಂದ್ಕೊಳ್ತಾರೆ. ಚಿತ್ರ ಬಿಡಿಸ್ತೀನಿ, ಓದಿದ್ದೂ ಅದನ್ನೇ, ಆದ್ರೆ ಈ ಕೆಲಸದಲ್ಲಿ ಚಿತ್ರದ ಪಾಲು ತುಂಬಾ ಕಮ್ಮಿ. ಒಂದು ವರ್ಷದ ಒಳಗಿನ ಮಗು ಬೊಂಬೇನ ನೋಡೋದಕ್ಕಿಂತ ಚೀಪೋದೇ ಜಾಸ್ತಿ, ಕಿವಿ ಹಿಡಿದು ಎಳೆಯುತ್ತೆ, ಮೂಗು ಕಚ್ಚುತ್ತೆ, ಹಲ್ಲು ಬರೋ ಟೈಮಲ್ಲಂತೂ ಕೈಗೆ ಸಿಕ್ಕಿದ್ದೆಲ್ಲಾ ಬಾಯಿಗೇ. ಅದಕ್ಕೇ ಪೆನ್ಸಿಲ್ ಹಿಡಿಯೋ ಮುಂಚೆನೇ ಇದು ಪಾಪು ಬಾಯಿಗೆ ಹೋದ್ರೆ ಏನಾಗುತ್ತೆ ಅಂತ ಕೇಳ್ಕೊಳ್ತೀನಿ, ಮುಕ್ಕಾಲು ಡಿಸೈನ್ ಅಲ್ಲೇ ತೀರ್ಮಾನ ಆಗೋಗುತ್ತೆ.

ಕಾಡುಪಾಪದ ಬೊಂಬೆ ಹೇಗಾಯ್ತು ಅಂತ ಹೇಳ್ತೀನಿ, ನನಗೆ ತುಂಬಾ ಇಷ್ಟವಾದ ಕೆಲಸ ಅದು. ನಮ್ಮದು ತುಮಕೂರು ಕಡೆ. ನಾಗವಲ್ಲಿ ಸುತ್ತಮುತ್ತ, ದೇವರಾಯನದುರ್ಗದ ಕಡೆ ಕಾಡುಪಾಪ ಇವೆ, ಬೆಂಗಳೂರಲ್ಲಿ ಐಐಎಸ್ಸಿ ಕ್ಯಾಂಪಸ್ಸಿನ ಮರಗಳಲ್ಲೂ ಇವೆ. ರಾತ್ರಿ ಓಡಾಡೋ ಪ್ರಾಣಿ, ದೊಡ್ಡ ದುಂಡು ಕಣ್ಣು, ಕಡ್ಡಿ ಥರ ಕೈಕಾಲು, ಬಾಲ ಇಲ್ಲ. ಮಾಟಮಂತ್ರದ ಮೂಢನಂಬಿಕೆಗೆ ಇದನ್ನ ಹಿಡಿದು ಹಿಂಸೆ ಕೊಡೋರು ಇದ್ದಾರೆ, ಅದು ನನಗೆ ಸಣ್ಣೋಳಿಂದಲೂ ಸಂಕಟ. ಮಕ್ಕಳ ಅಂಗಡೀಲಿ ಎಲ್ಲಿ ನೋಡಿದ್ರೂ ಕರಡಿ, ಯೂನಿಕಾರ್ನ್, ಪಾಂಡಾ. ನಮ್ಮೂರ ಮಗುವಿನ ತೊಟ್ಟಿಲ ಹತ್ರ ನಮ್ಮೂರ ಪ್ರಾಣಿ ಇರಲಿ ಅಂತ ಹಠ ಮಾಡಿ ಹಿಡಿದ ಕೆಲಸ. ನಿಜವಾದ ಕಾಡುಪಾಪ ತಲೆ ಮೈ ಸೇರಿ ಒಂದು ಗೇಣು ಅಷ್ಟೇ ಇರೋದು, ಹಾಗಾಗಿ ಬೊಂಬೇನೂ ಅದೇ ಅಳತೆ, ಇದ್ದ ಸೈಜಲ್ಲೇ ಮಾಡೋ ಪ್ರಾಣಿ ಎಷ್ಟು ಸಿಗುತ್ತೆ ಹೇಳಿ.

ಮೊದಲು ಕಣ್ಣು. ಬೇರೆ ಬೊಂಬೆಗಳಿಗೆ ಪ್ಲಾಸ್ಟಿಕ್ ಕಣ್ಣು ಹಾಕ್ತಾರಲ್ಲ, ಹಿಂದೆ ವಾಷರ್ ಒತ್ತಿ ಲಾಕ್ ಮಾಡೋದು, ಅದನ್ನ ಸೇಫ್ಟಿ ಐ ಅಂತಲೇ ಮಾರ್ತಾರೆ, ಹೆಸರು ನೋಡಿ ತಗೊಂಡುಬಿಡಬೇಡಿ. ವಾಷರ್ ಗಟ್ಟಿ ಇದ್ರೂ ಸುತ್ತ ಇರೋ ಬಟ್ಟೆ ಒಗೆದು ಒಗೆದು ಸವೆದ ಮೇಲೆ ಕಣ್ಣು ಬಟ್ಟೆ ಸಮೇತ ಕಿತ್ಕೊಂಡು ಬರುತ್ತೆ. ಮೂರು ವರ್ಷದೊಳಗಿನ ಮಕ್ಕಳಿಗೆ ಮಾಡೋದಕ್ಕೆಲ್ಲಾ ನಾನು ಕಣ್ಣು ಕಸೂತಿ ದಾರದಲ್ಲೇ ತುಂಬೋದು. ಕಾಡುಪಾಪಕ್ಕೆ ಕಡು ಕಂದು ದಾರ, ಮೇಲ್ಗಡೆ ಒಂದು ಮೂಲೇಲಿ ಎರಡೇ ಎರಡು ಬಿಳಿ ಹೊಲಿಗೆ. ಆ ಬಿಳಿ ಹೊಲಿಗೆ ಇಲ್ಲದಿದ್ರೆ ಕಣ್ಣಿಗೆ ಜೀವ ಇಲ್ಲ, ಎರಡು ಕಣ್ಣಲ್ಲೂ ಅದು ಒಂದೇ ಕಡೆ ಇರಬೇಕು, ಒಂದು ಎಡಕ್ಕೆ ಒಂದು ಬಲಕ್ಕೆ ಬಂದ್ರೆ ಮೆಳ್ಳೆಗಣ್ಣು ಅನ್ಸುತ್ತೆ. ಕಣ್ಣು ಎಲ್ಲಿ ಕೂರಬೇಕು ಅನ್ನೋದಕ್ಕೇ ನಾನು ತಲೆಗೆ ಗುಂಡುಪಿನ್ನು ಚುಚ್ಚಿ ಚುಚ್ಚಿ ನೋಡ್ತೀನಿ. ಮುಖದ ನಡುಗೆರೆಗಿಂತ ಕೆಳಗೆ, ಒಂದಕ್ಕೊಂದು ದೂರ ಇಟ್ಟು, ಹಣೆ ದೊಡ್ಡದು ಬಿಟ್ರೆ ಯಾವ ಪ್ರಾಣಿನಾದ್ರೂ ಮರಿ ಥರ ಕಾಣುತ್ತೆ. ಕೊನ್ರಾಡ್ ಲೊರೆನ್ಜ್ ಅನ್ನೋ ವಿಜ್ಞಾನಿ 1943ರಲ್ಲೇ ಇದನ್ನ ಬರೆದಿದ್ರು, ದೊಡ್ಡ ಹಣೆ, ದೊಡ್ಡ ಕಣ್ಣು, ಉಬ್ಬಿದ ಕೆನ್ನೆ ಕಂಡ್ರೆ ದೊಡ್ಡೋರಿಗೆ ಎತ್ಕೋಬೇಕು ಅನ್ಸುತ್ತೆ ಅಂತ. ಕಾಡುಪಾಪಕ್ಕೆ ಒಂದು ತೊಂದರೆ ಏನಂದ್ರೆ ನಿಜವಾದ ಪ್ರಾಣಿ ಕಣ್ಣು ತೀರಾ ಹತ್ರ ಹತ್ರ, ನಡುವೆ ಒಂದು ಬಿಳಿ ಪಟ್ಟೆ ಮಾತ್ರ. ದೂರ ಇಟ್ರೆ ಅದು ಕಾಡುಪಾಪಾನೇ ಅಲ್ಲ. ಕೊನೆಗೆ ಕಣ್ಣನ್ನ ಹತ್ರಾನೇ ಬಿಟ್ಟು ಹಣೆಯಿಂದ ಮೂಗಿನ ತನಕ ಬರೋ ನಡುಪಟ್ಟೀನ, ಗಸೆಟ್ ಅಂತೀವಿ, ಮೇಲ್ಗಡೆ ಸ್ವಲ್ಪ ಅಗಲ ಮಾಡಿದೆ, ತಲೆ ದುಂಡಗಾಯ್ತು, ಮರಿ ಮುಖ ಬಂತು.

ಕೈಕಾಲು ಇನ್ನೊಂದು ಯುದ್ಧ. ಸಣ್ಣ ಕೈಯನ್ನ ಒಳಮುಖ ಹೊಲಿದು ಹೊರಗೆ ತಿರುಗಿಸೋದು ಅಂದ್ರೆ ಲಂಗಕ್ಕೆ ಲಾಡಿ ಹಾಕೋ ಥರದ ತಾಳ್ಮೆ ಬೇಕು. ತಿರುಗಿದ್ರೂ ಒಳಗೆ ಹತ್ತಿ ಥರ ತುಂಬೋ ಫೈಬರ್ ತುದಿ ತನಕ ಹೋಗಲ್ಲ, ನಡುವೆ ಗಂಟು ಕಟ್ಟುತ್ತೆ. ಅದಕ್ಕೆ ಕೈಕಾಲಿಗೆ ಫೈಬರ್ ತುಂಬೋದೇ ಬಿಟ್ಟೆ, ಎರಡು ಪದರ ಹೊಸೈರಿ ಬಟ್ಟೆ ಒಳಗೆ ಒಂದು ಪದರ ಫ್ಲೀಸ್ ಇಟ್ಟು ಚಪ್ಪಟೆಯಾಗಿ ಹೊಲಿದೆ, ಬೆರಳ ತುದಿ ಮಾತ್ರ ಚೂರು ಉಬ್ಬು. ಪಾಪು ಮುಷ್ಟಿಗೆ ಅದು ಎಷ್ಟು ಚೆನ್ನಾಗಿ ಕೂತ್ಕೊಳ್ತು ಅಂದ್ರೆ, ಈಗ ನನ್ನ ಎಲ್ಲಾ ಬೊಂಬೆಗೂ ಒಂದಾದ್ರೂ ಚಪ್ಪಟೆ ಭಾಗ ಇರುತ್ತೆ. ಮೂರು ತಿಂಗಳ ಮಗು ದುಂಡು ಹೊಟ್ಟೆ ಹಿಡಿಯಲಾರದು, ಕಿವೀನೋ ಕೈಯನ್ನೋ ಆದ್ರೆ ಗಬಕ್ಕಂತ ಹಿಡಿಯುತ್ತೆ.

ಬಟ್ಟೆ ವಿಷ್ಯ ಹೇಳ್ತಾ ಹೋದ್ರೆ ಮುಗಿಯಲ್ಲ. ರೋಮ ಇರೋ ಬಟ್ಟೆಗೆ ದಿಕ್ಕು ಇರುತ್ತೆ, ಕೈಯಾಡಿಸಿದ್ರೆ ಗೊತ್ತಾಗುತ್ತೆ, ಎಲ್ಲಾ ತುಂಡಿಗೂ ಪ್ಯಾಟರ್ನ್ ಮೇಲೆ, ಅಂದ್ರೆ ಬಟ್ಟೆ ಕತ್ತರಿಸೋಕೆ ಇಡೋ ಅಚ್ಚಿನ ಮೇಲೆ, ಬಾಣದ ಗುರುತು ಹಾಕಲೇಬೇಕು. ಎಳೆದ್ರೆ ಹಿಗ್ಗೋ ಬಟ್ಟೆಲಿ ಅದೇ ಪ್ಯಾಟರ್ನ್ ಹೊಲಿದ್ರೆ ಬೊಂಬೆ ದಪ್ಪ ಆಗುತ್ತೆ, ಅಡ್ಡ ಇಟ್ಟು ಕತ್ತರಿಸಿದ್ರೆ ಉದ್ದ ಆಗುತ್ತೆ. ಚಿಕ್ಕಪೇಟೆಲಿ ಬಟ್ಟೆ ತಗೊಳ್ಳೋವಾಗ ಅಂಗಡಿಯೋರ ಮುಂದೇನೇ ಒದ್ದೆ ಬಿಳಿ ಕರ್ಚೀಫಲ್ಲಿ ಉಜ್ಜಿ ನೋಡ್ತೀನಿ, ಚೂರು ಬಣ್ಣ ಹತ್ತಿದ್ರೂ ವಾಪಸ್. ಬಿಳಿ ಬಟ್ಟೆ ನೋಡೋಕೆ ಚಂದ, ಆದ್ರೆ ನಮ್ಮ ಮನೆಗಳಲ್ಲಿ ಪಾಪುಗೆ ದಿನಾ ಎಣ್ಣೆ ಹಚ್ತಾರೆ, ಸಾಂಬ್ರಾಣಿ ಹೊಗೆ ಹಾಕ್ತಾರೆ, ವಾರದಲ್ಲಿ ಬಿಳಿ ಬೊಂಬೆ ಹಳದಿ ಬಂದುಬಿಡುತ್ತೆ. ಬಿಸ್ಕೆಟ್ ಬಣ್ಣ, ಅರಿಶಿನ, ತಿಳಿ ಕಂದು ಇವೇ ಬಾಳೋದು.

ಕಪ್ಪಿನದ್ದು ಬೇರೆ ಕಥೆ. ಹುಟ್ಟಿದ ಮಗುವಿಗೆ ಸ್ಪಷ್ಟ ಕಾಣೋದು ಸುಮಾರು 20-30 ಸೆಂಟಿಮೀಟರ್ ದೂರ ಅಷ್ಟೇ, ಅಂದ್ರೆ ಮಡಿಲಲ್ಲಿ ಮಲಗಿ ಹಾಲು ಕುಡೀತಾ ಅಮ್ಮನ ಮುಖ ನೋಡೋ ದೂರ. ತಿಳಿ ಗುಲಾಬಿ, ತಿಳಿ ನೀಲಿ ಅದಕ್ಕೆ ಸರಿಯಾಗಿ ಕಾಣ್ಸೋದೇ ಇಲ್ಲ, ಕಪ್ಪು ಬಿಳುಪು ಪಟ್ಟೆ ಆದ್ರೆ ಕಣ್ಣು ನೆಟ್ಟು ನೋಡುತ್ತೆ. ಆದ್ರೆ ನಾಮಕರಣದ ಗಿಫ್ಟಲ್ಲಿ ಕಪ್ಪು ಕಂಡ್ರೆ ಮನೆ ಹಿರಿಯರಿಗೆ ಆಗಲ್ಲ. ಒಂದು ಮನೆಲಿ ಅಜ್ಜಿ ಬಾಕ್ಸ್ ತೆಗೆದವರೇ "ಶುಭಕಾರ್ಯಕ್ಕೆ ಕಪ್ಪು ಯಾಕಮ್ಮ ತಂದೆ, ಬೇರೆ ಬಣ್ಣ ಇರ್ಲಿಲ್ವಾ" ಅಂದ್ರು. ಅವರ ಮಾತನ್ನ ನಾನು ತಳ್ಳಿ ಹಾಕಲ್ಲ, ಆ ಮಗು ಬೆಳೆಯೋದು ಅವರ ಕೈಲೇ ತಾನೇ. ಈಗ ಕಪ್ಪಿನ ಬದಲು ಕಡು ಕೆಂಪು ಬಿಳಿ, ಕಡು ನೀಲಿ ಬಿಳಿ ಪಟ್ಟೆ ಹಾಕ್ತೀನಿ, ಮಗುವಿಗೂ ಕಾಣುತ್ತೆ, ಅಜ್ಜಿಗೂ ಸರಿ. ಕಪ್ಪು ಬೇಕೇ ಬೇಕು ಅನ್ನೋ ಒಂದೇ ಜಾಗ ಕೆನ್ನೆ ಮೇಲಿನ ದೃಷ್ಟಿಬೊಟ್ಟು. ಕಾಡುಪಾಪದ ಕೆನ್ನೇಲಿ ಒಂದು ಸಣ್ಣ ಬೊಟ್ಟು ಕಸೂತಿ ಮಾಡಿದ್ದಕ್ಕೆ ಬಂದಷ್ಟು ಮೆಚ್ಚುಗೆ ಬೇರೆ ಯಾವುದಕ್ಕೂ ಬಂದಿಲ್ಲ.

ಗಿಫ್ಟ್ ಆರ್ಡರ್ ಬಗ್ಗೆ ಹೊಸಬರಿಗೆ ಒಂದು ಮಾತು. ನಮ್ಮಲ್ಲಿ ಹೆರಿಗೆಗೆ ಮುಂಚೆ ಮಗುವಿಗೆ ಅಂತ ಏನೂ ತರಲ್ಲ, ಹಾಗಾಗಿ ಆರ್ಡರ್ ಎಲ್ಲಾ ಹುಟ್ಟಿದ ಮೇಲೇ ಬರೋದು, ಹನ್ನೊಂದನೇ ದಿನವೋ ಹನ್ನೆರಡನೇ ದಿನವೋ ತೊಟ್ಟಿಲಿಗೆ ಹಾಕೋರು ಇದ್ರೆ ಕೈಲಿ ಒಂದು ವಾರ ಸಿಕ್ಕಿದ್ರೆ ಪುಣ್ಯ. ಹೆಸರು ಹೊಲಿದು ಕೊಡಿ ಅಂತಾರೆ, ಹೆಸರೇನು ಅಂದ್ರೆ ಇನ್ನೂ ಹೇಳೋ ಹಾಗಿಲ್ಲ ಅಂತಾರೆ! ಅದಕ್ಕೆ ಕುಲಾವಿಗೂ ಹೊದಿಕೆಗೂ ಬೊಂಬೆಗೂ ಹೊಂದೋ ಒಂದು ಖಾಲಿ ಬಟ್ಟೆ ಪಟ್ಟಿ ಬೇರೆ ಇಟ್ಟಿರ್ತೀನಿ, ಸೆಟ್ ಮೊದಲು ಹೋಗುತ್ತೆ, ಹೆಸರಿಟ್ಟ ಮೇಲೆ ಪಟ್ಟೀಲಿ ಕಸೂತಿ ಹಾಕಿ ಕೊರಿಯರ್ ಮಾಡ್ತೀನಿ, ಅವರೇ ನಾಲ್ಕು ಹೊಲಿಗೆ ಹಾಕ್ಕೊಳ್ತಾರೆ. ಅಜ್ಜಿಯ ಹಳೇ ಕಾಟನ್ ಸೀರೆ ತಂದುಕೊಟ್ಟು ಕೌದಿ ಮಾಡಿ ಅನ್ನೋರೂ ಇದ್ದಾರೆ, ಆ ಕೆಲಸಕ್ಕೆ ನಾನು ಯಾವತ್ತೂ ಇಲ್ಲ ಅನ್ನಲ್ಲ, ಒಗೆದು ಒಗೆದು ಮೆತ್ತಗಾದ ಸೀರೆಯಷ್ಟು ಒಳ್ಳೇ ಬಟ್ಟೆ ಎಳೇ ಮೈಗೆ ಯಾವ ಅಂಗಡೀಲೂ ಸಿಗಲ್ಲ.

ಗೆಜ್ಜೆ ಕಟ್ಟಿ ಕೊಡಿ ಅಂತ ತುಂಬಾ ಜನ ಕೇಳ್ತಾರೆ. ಹೊರಗಡೆ ಕಟ್ಟಲ್ಲ. ಆಟಿಕೆ ಸುರಕ್ಷಿತವಾ ಅಂತ ನೋಡೋ ಟೆಸ್ಟಿಂಗಲ್ಲಿ ಒಂದು ಸಣ್ಣ ಸಿಲಿಂಡರ್ ಇಟ್ಕೊಂಡಿರ್ತಾರೆ, ಒಳಗಿನ ಅಗಲ 31.7 ಮಿಲಿಮೀಟರ್, ಅದರೊಳಗೆ ಪೂರ್ತಿ ಹಿಡಿಸೋ ಯಾವ ಭಾಗವೂ ಮೂರು ವರ್ಷದೊಳಗಿನ ಮಕ್ಕಳ ಆಟಿಕೇಲಿ ಬಿಡಿಯಾಗಿ ಇರಬಾರದು, ಎಳೆದ್ರೆ ಕಿತ್ತೂ ಬರಬಾರದು. ಗೆಜ್ಜೆ ಆರಾಮಾಗಿ ಒಳಗೆ ಬಿದ್ದುಬಿಡುತ್ತೆ. ಶಬ್ದ ಬೇಕು ಅಂದ್ರೆ ಅಂಟಿಸಿ ಮುಚ್ಚಿದ ದೊಡ್ಡ ಗಿಲಕಿ ಡಬ್ಬಿ, ಅದಕ್ಕೊಂದು ಬಟ್ಟೆ ಚೀಲ, ಅದು ಫೈಬರ್ ನಡುವೆ. ದಾರ, ರಿಬ್ಬನ್ ಯಾವುದೂ ಗೇಣುದ್ದ ಮೀರಲ್ಲ, ಕತ್ತಿಗೆ ಸುತ್ಕೋಬಾರದಲ್ಲ. ಹೊಲಿಯೋ ಅಕ್ಕಂದಿರ ಹತ್ರ ನನ್ನದು ಒಂದೇ ಕಟ್ಟುನಿಟ್ಟು, ಸೂಜಿ ಮುರಿದ್ರೆ ಎಲ್ಲಾ ಚೂರೂ ಹುಡುಕಿ ಪುಸ್ತಕದಲ್ಲಿ ಟೇಪ್ ಹಚ್ಚಿ ಅಂಟಿಸಬೇಕು. ಒಂದು ಚೂರು ಸಿಗಲಿಲ್ಲ ಅಂದ್ರೂ ಆ ಬೊಂಬೆ ಹೊರಗೆ ಹೋಗಲ್ಲ, ಕೂಲಿ ಮಾತ್ರ ಪೂರ್ತಿ ಕೊಡ್ತೀನಿ, ಇಲ್ಲಾಂದ್ರೆ ಯಾರೂ ಸೂಜಿ ಮುರೀತು ಅಂತ ಬಾಯಿ ಬಿಡಲ್ಲ.

ಕಾನೂನು ತಿಳ್ಕೊಳ್ಳದೆ ಈ ಕೆಲಸಕ್ಕೆ ಇಳೀಬೇಡಿ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ, ಐಎಸ್ 9873 ಅನ್ನೋ ಸ್ಟ್ಯಾಂಡರ್ಡ್, ಕಿತ್ತು ಬರುತ್ತಾ, ಬೆಂಕಿ ಹತ್ತುತ್ತಾ, ಬಣ್ಣದಿಂದ ಸೀಸದಂಥದ್ದು ಬಿಡುತ್ತಾ ಎಲ್ಲಾ ನೋಡ್ತಾರೆ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರೀಲಿ ನೋಂದಣಿ ಆದ ಕುಶಲಕರ್ಮಿಗಳು ಮಾಡಿ ಮಾರೋದಕ್ಕೆ ವಿನಾಯಿತಿ ಇದೆ. ನಾನು ಆ ಕಾರ್ಡ್ ಮಾಡಿಸಿದೀನಿ, ಆದ್ರೂ ಸ್ಟ್ಯಾಂಡರ್ಡಲ್ಲಿ ಇರೋದನ್ನ ನನ್ನ ಕೈಲಾದ ಮಟ್ಟಿಗೆ ಮನೆಲೇ ಪಾಲಿಸ್ತೀನಿ, ವಿನಾಯಿತಿ ಕೊಟ್ಟಿರೋದು ನಮಗೆ, ಮಗುವಿನ ಗಂಟಲಿಗಲ್ಲ. ಬಾಕ್ಸ್ ಒಳಗೆ ಒಂದು ಚೀಟಿ ಇಡ್ತೀನಿ, ಒಂದು ವರ್ಷ ತುಂಬೋ ತನಕ ಮಗು ಮಲಗಿರೋವಾಗ ತೊಟ್ಟಿಲಲ್ಲಿ ಬೊಂಬೆ, ದಿಂಬು ಏನೂ ಬಿಡಬೇಡಿ, ಎದ್ದಿರೋವಾಗ ನೀವು ಪಕ್ಕದಲ್ಲಿದ್ದು ಆಡ್ಸಿ ಅಂತ. ಚೀಟಿ ನೋಡಿ ಮಾರಾಟ ಕಮ್ಮಿ ಆಗಲ್ವಾ ಅಂತ ಫ್ರೆಂಡ್ ಕೇಳಿದ್ಲು, ಇಲ್ಲಿ ತನಕ ಆಗಿಲ್ಲ, ಆದ್ರೂ ತೆಗೆಯಲ್ಲ.

ಕಂಪನಿಗಳಿಗೂ ಡಿಸೈನ್ ಕೊಡ್ತೀನಿ. ಅಲ್ಲಿ ಚಿತ್ರ ಮುಂದಿಂದ, ಪಕ್ಕದಿಂದ, ಹಿಂದಿಂದ, ಬಟ್ಟೆ ತುಂಡು ಅಂಟಿಸಿದ ಶೀಟ್, ಬಣ್ಣದ ನಂಬರ್, ಕಸೂತಿ ಅಳತೆ ಎಲ್ಲಾ ಕೊಡಬೇಕು. ಒಂದು ಕಡೆ ಸ್ಯಾಂಪಲ್ ಇಟ್ಕೊಂಡು ಸುಮ್ಮನಾದ್ರು, ಆಮೇಲೆ ಅದೇ ಬೊಂಬೆ ಬೇರೆ ಬಣ್ಣದಲ್ಲಿ ಅಂಗಡೀಲಿ ಕಾಣ್ತು, ಆ ಸಿಟ್ಟಲ್ಲೇ ಕಾಯ್ದೆ ಓದಿದೆ. ಕಾಪಿರೈಟ್ ತಾನಾಗೇ ಬರುತ್ತೆ ಅಂತ ಕಲಾವಿದರೆಲ್ಲಾ ನೆಮ್ಮದಿಯಾಗಿ ಇರ್ತೀವಿ, ಆದ್ರೆ 1957ರ ಕಾಪಿರೈಟ್ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ, ಡಿಸೈನ್ ಆಗಿ ನೋಂದಣಿ ಮಾಡಿಸಬಹುದಾದದ್ದನ್ನ ಮಾಡಿಸದೆ, ಆ ವಸ್ತೂನ ಕಾರ್ಖಾನೆ ರೀತೀಲಿ 50ಕ್ಕಿಂತ ಜಾಸ್ತಿ ಮಾಡಿಬಿಟ್ರೆ ಆ ಡಿಸೈನಿನ ಕಾಪಿರೈಟ್ ಹೋಗುತ್ತೆ. 2000ದ ಡಿಸೈನ್ಸ್ ಕಾಯ್ದೆಲಿ ನೋಂದಣಿ ಮಾಡಿಸಿದ್ರೆ 10 ವರ್ಷ, ಆಮೇಲೆ ಇನ್ನೂ 5 ವರ್ಷ ಮುಂದುವರಿಸಬಹುದು. ಆದ್ರೆ ಅರ್ಜಿ ಹಾಕೋ ತನಕ ಅದು ಹೊಸದಾಗೇ ಇರಬೇಕು, ಎಲ್ಲೂ ಪ್ರಕಟ ಆಗಿರಬಾರದು. ಅದಕ್ಕೇ ಕಾಡುಪಾಪದ ಫೋಟೋನ ಅರ್ಜಿ ಹಾಕೋ ಮುಂಚೆ ಇನ್‌ಸ್ಟಾಗ್ರಾಂಗೂ ಹಾಕ್ಲಿಲ್ಲ, ಸಂಬಂಧಿಕರ ಗ್ರೂಪಿಗೂ ಕಳಿಸ್ಲಿಲ್ಲ, ನಮ್ಮಮ್ಮಂಗೆ ಅದು ಬೇಜಾರೇ ಆಯ್ತು. ಈಗ ಕಂಪನಿ ಜೊತೆ ಮಾತಾಡೋವಾಗ ಒಟ್ಟು ದುಡ್ಡು ಕೊಟ್ಟು ಪೂರ್ತಿ ಹಕ್ಕು ಬರೆಸ್ಕೊಳ್ತೀವಿ ಅಂದ್ರೆ ಒಪ್ಪಲ್ಲ, ಮುಂಗಡ ಇಷ್ಟು, ಮಾರಿದ್ದರಲ್ಲಿ ಪಾಲು ಇಷ್ಟು, ಕಣ್ಣು ಕಸೂತಿಯಲ್ಲೇ ಇರಬೇಕು, ಪ್ಲಾಸ್ಟಿಕ್‌ಗೆ ಬದಲಾಯಿಸೋ ಹಾಗಿಲ್ಲ ಅಂತ ಕಾಗದದಲ್ಲೇ ಬರೆಸ್ತೀನಿ. ಕೊನೇದಕ್ಕೆ ಚೌಕಾಸಿ ಜಾಸ್ತಿ ನಡೆಯುತ್ತೆ, ಒಂದೊಂದು ಬೊಂಬೆಗೆ ಮಿಷಿನ್ ಕಸೂತಿ ಖರ್ಚು ಜಾಸ್ತಿ ಬೀಳುತ್ತೆ ಅಂತ. ನನ್ನ ಪಾಲಲ್ಲಿ ಬೇಕಾದ್ರೆ ಚೂರು ಬಿಟ್ಕೊಡ್ತೀನಿ, ಕಣ್ಣಿನ ಮಾತು ಮಾತ್ರ ಬಿಟ್ಕೊಡಲ್ಲ.